ಸ್ಪೈರೋಮೆಟ್ರಿ ಮಾಡಿಸುವಾಗ ರೋಗಿಯ ಮುಖ ನೋಡಿ

ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಸ್ಪೈರೋಮೆಟ್ರಿ (ಮಷಿನ್‌ಗೆ ಊದಿಸಿ ಶ್ವಾಸಕೋಶದ ಗಾಳಿ ಅಳೆಯುವ ಪರೀಕ್ಷೆ) ಮಾಡಿಸುವವರು ಹೆಚ್ಚಾಗಿ ನಮ್ಮಂಥ ನರ್ಸ್‌ಗಳು, ಸಹಾಯಕರು. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ: ಪರದೆ ಆಮೇಲೆ ನೋಡಿದರಾಯಿತು, ಊದುವಾಗ ರೋಗಿಯ ಮುಖ ನೋಡಿ.

ಬೆಳಿಗ್ಗೆ 3 ಲೀಟರ್ ಸಿರಿಂಜಿನಿಂದ ಮಷಿನ್ ಪರೀಕ್ಷಿಸಿ. ಅಳತೆ 2.91ರಿಂದ 3.09ರೊಳಗೆ ಬರಬೇಕು. ಇತ್ತೀಚೆಗೆ ಹೃದಯಾಘಾತ ಆಗಿತ್ತೇ, ಕಣ್ಣು, ಎದೆ, ಹೊಟ್ಟೆಯ ಆಪರೇಷನ್ ಆಗಿದೆಯೇ ಎಂದು ಕೇಳಿ. ಹೌದೆಂದರೆ ಡಾಕ್ಟರನ್ನು ಕೇಳದೆ ಮುಂದುವರಿಯಬೇಡಿ. ಯಾವ ಇನ್‌ಹೇಲರ್ ಎಷ್ಟು ಹೊತ್ತಿಗೆ ತೆಗೆದುಕೊಂಡರೆಂದು ಬರೆದುಕೊಳ್ಳಿ. ಎತ್ತರವನ್ನು ಚಪ್ಪಲಿ ಬಿಡಿಸಿ ನೀವೇ ಅಳೆಯಿರಿ, ಬಾಯಿಮಾತು ನಂಬಬೇಡಿ. ಆ ರೋಗಿಗೆ ಎಷ್ಟು ಗಾಳಿ ಬರಬೇಕು ಎಂಬ ಲೆಕ್ಕ ಎತ್ತರದ ಮೇಲೂ ನಿಂತಿದೆ.

ಇನ್ನು ಊದಿಸುವುದು. ಬೆನ್ನು ನೆಟ್ಟಗೆ, ಪಾದ ನೆಲದ ಮೇಲೆ, ಮೂಗಿಗೆ ಕ್ಲಿಪ್. ಮೊದಲು ನೀವೇ ಒಮ್ಮೆ ಊದಿ ತೋರಿಸಿ. ಹತ್ತು ಮಾತಿಗಿಂತ ಅದು ಬೇಗ ಅರ್ಥವಾಗುತ್ತದೆ. "ಎಳ್ಕೊಳ್ಳಿ, ಇನ್ನೂ ಎಳ್ಕೊಳ್ಳಿ, ಪೂರ್ತಿ!" ಎದೆ ತುಂಬಿದ ಕೂಡಲೇ, ತಡೆಯದೆ, "ಊದಿ!" ಈ ಒಂದು ಮಾತು ಜೋರಾಗಿ, ಥಟ್ಟನೆ ಬರಬೇಕು. ಆಮೇಲೆ "ಬಿಡಬೇಡಿ, ಇನ್ನೂ ಇದೆ, ಇನ್ನೂ..." ಎನ್ನುತ್ತಲೇ ಇರಿ. ತುಟಿಯ ಮೂಲೆಯಿಂದ ಗಾಳಿ ಸೋರುತ್ತಿದೆಯೇ, ಕೆನ್ನೆ ಉಬ್ಬಿತೇ ಗಮನಿಸಿ. ಗ್ರಾಫಿನ ಗೆರೆ ಸಮತಟ್ಟಾಗುವವರೆಗೆ, ಇಲ್ಲವೇ 15 ಸೆಕೆಂಡ್ ಆಗುವವರೆಗೆ ಊದಬೇಕು. ತಲೆ ಸುತ್ತಿದರೆ ಮಾತ್ರ ತಕ್ಷಣ ನಿಲ್ಲಿಸಿ.

ಇಷ್ಟು ಹಟ ಯಾಕೆಂದರೆ, ನಡುವೆ ಬಿಟ್ಟರೆ ಒಟ್ಟು ಗಾಳಿ, ಅಂದರೆ ಎಫ್‌ವಿಸಿ, ಕಡಿಮೆ ಬರುತ್ತದೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯಾದ ಎಫ್‌ಇವಿ1 ಅನ್ನು ಅದರಿಂದ ಭಾಗಿಸಿದಾಗ ಅನುಪಾತ ಮೇಲೇರುತ್ತದೆ. ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇರುವವರಿಗೂ, 0.70ಕ್ಕಿಂತ ಕಡಿಮೆ ಬರಬೇಕಾದದ್ದು ಹೆಚ್ಚು ಬಂದುಬಿಡಬಹುದು. ಉಸಿರು ಕಟ್ಟುತ್ತದೆಂದು ಬಂದವರನ್ನು "ಏನೂ ಇಲ್ಲ" ಎಂದು ಕಳಿಸುವಂತಾಗಬಾರದು.

ಕನಿಷ್ಠ ಮೂರು ಒಳ್ಳೆಯ ಊದು ಬೇಕು. ಅದರಲ್ಲಿ ಅತಿ ಹೆಚ್ಚಿನ ಎರಡರ ನಡುವಿನ ಅಂತರ, ಎಫ್‌ಇವಿ1ರಲ್ಲೂ ಎಫ್‌ವಿಸಿಯಲ್ಲೂ, 150 ಮಿಲಿ ಮೀರಬಾರದು. ನಡುನಡುವೆ ಸುಧಾರಿಸಿಕೊಳ್ಳಲು ಬಿಡಿ. ಡಾಕ್ಟರ್ ಹೇಳಿದ್ದರೆ ಶ್ವಾಸನಾಳ ಅಗಲಿಸುವ ಸಾಲ್ಬುಟಮಾಲ್ ಇನ್‌ಹೇಲರಿನ 100 ಮೈಕ್ರೋಗ್ರಾಮಿನ ನಾಲ್ಕು ಪಫ್, ಒಂದೊಂದಾಗಿ, ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಮೂಲಕ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಮಾಡಿಸಿ.

ಎಂಟು ಸಲ ಊದಿಸಿಯೂ ಸರಿಬರದಿದ್ದರೆ ಸಾಕು, ಅವರನ್ನು ಇನ್ನಷ್ಟು ದಣಿಸಬೇಡಿ. ಇನ್ನೊಂದು ದಿನ ಕರೆಯಿರಿ. ರಿಪೋರ್ಟಿನ ಮೇಲೆ "ಕೆಮ್ಮಿನಿಂದ ಪೂರ್ತಿ ಊದಲಾಗಲಿಲ್ಲ" ಎಂಬಂತೆ ಕಾರಣವನ್ನು ಕೈಯಾರೆ ಬರೆದೇ ಡಾಕ್ಟರಿಗೆ ಕೊಡಿ.