ಎಂಟಡಿ ಪ್ಲೈವುಡ್ ಮೇಲೆ ದೇವದರ್ಶನದ ಗುಡಾರ

ಧಾರವಾಡದ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ನಾನು ಹದಿನೆಂಟು ವರ್ಷಗಳಿಂದ ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಹೊಟ್ಟೆಪಾಡಿಗೆ ಹೊಲಿಗೆ. ಇಸ್ರಾಯೇಲರ ಆರಾಧನೆಗೆಂದು ಮೋಶೆ ಸೀನಾಯಿ ಅರಣ್ಯದಲ್ಲಿ ಎಬ್ಬಿಸಿದ ಗುಡಾರದ ಪಾಠ ಬಂದಾಗಲೆಲ್ಲ ಗೋಡೆಗೆ ಒಂದು ಚಿತ್ರಪಟ ನೇತುಹಾಕಿ, ಕೋಲಿನಿಂದ ತೋರಿಸುತ್ತ ಹೋಗುತ್ತಿದ್ದೆ: ಬಂಗಾರ ಎಂದರೆ ದೈವತ್ವ, ಬೆಳ್ಳಿ ಎಂದರೆ ಬಿಡುಗಡೆ, ತಾಮ್ರ ಎಂದರೆ ನ್ಯಾಯತೀರ್ಪು, ನೀಲಿ ಪರಲೋಕ, ಕೆಂಪು ರಕ್ತ. ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಮುಂದಿನ ವಾರಕ್ಕೆ ಮರೆಯುತ್ತಿದ್ದರು.

ಒಂದು ಭಾನುವಾರ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಗೂಟ ಏನನ್ನು ಸೂಚಿಸುತ್ತದೆ?" ಎಂದು ಕೇಳಿದಳು. ನಾನು ಉಸಿರೆಳೆದುಕೊಳ್ಳದೆ ಒಂದು ಉತ್ತರ ಕೊಟ್ಟೆ. ಗೂಟ ಅರ್ಧ ಮಣ್ಣಿನೊಳಗೆ, ಅರ್ಧ ಮೇಲೆ. ಹಾಗೆಯೇ ಕ್ರಿಸ್ತನ ಮರಣ ಮತ್ತು ಪುನರುತ್ಥಾನ ಎಂದೆ. ಅವಳು ಬರೆದುಕೊಂಡಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ಮಾತು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಎಲ್ಲಿಯೂ ಇಲ್ಲ. ಎಲ್ಲೋ ಕೇಳಿದ್ದನ್ನು ದೇವರ ವಾಕ್ಯವೆಂಬಂತೆ ಮಗುವಿನ ಕೈಗೆ ಕೊಟ್ಟಿದ್ದೆ. ಪಟವನ್ನು ಸುತ್ತಿಟ್ಟು, ಗುಡಾರವನ್ನೇ ಅಳತೆಗೆ ತಕ್ಕಂತೆ ಮಕ್ಕಳೊಂದಿಗೆ ಕಟ್ಟಬೇಕು, ಕಟ್ಟುವಾಗ ವಚನವೇ ಏನು ಹೇಳುತ್ತದೆಯೋ ಅಷ್ಟನ್ನು ಮೊದಲು ಕೇಳಿಸಿಕೊಳ್ಳಬೇಕು ಎಂದು ಆಗ ನಿರ್ಧರಿಸಿದೆ.

ಅಳತೆ ಹೊಂದಿಸಲು ಮೂರು ಸಂಜೆ ಹಿಡಿಯಿತು. ಸತ್ಯವೇದದ ಎರಡನೆಯ ಪುಸ್ತಕವಾದ ವಿಮೋಚನಕಾಂಡದ ಪ್ರಕಾರ ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ಒಂದು ಮೊಳಕ್ಕೆ ಎರಡು ಸೆಂಟಿಮೀಟರ್ ಎಂದು ಹಿಡಿದರೆ ಎರಡು ಮೀಟರ್‌ಗೆ ಒಂದು ಮೀಟರ್. ಎಂಟಡಿ–ನಾಲ್ಕಡಿ ಪ್ಲೈವುಡ್ ಹಾಳೆಯ ಮೇಲೆ ಅದು ಕೂರುತ್ತದೆ, ಸುತ್ತ ಮರಳು ಹರಡಲು ಅಂಚೂ ಉಳಿಯುತ್ತದೆ. ಗುಡಾರ 60 ಸೆಂಟಿಮೀಟರ್ ಉದ್ದ, 20 ಅಗಲ, 20 ಎತ್ತರ. ಯಜ್ಞವೇದಿ 10 ಸೆಂಟಿಮೀಟರ್ ಚೌಕ, 6 ಎತ್ತರ. ದಶಾಜ್ಞೆಯ ಕಲ್ಲಿನ ಹಲಗೆಗಳನ್ನಿಡುವ ಪೆಟ್ಟಿಗೆಯಾದ ಮಂಜೂಷ ಐದು ಸೆಂಟಿಮೀಟರ್ ಉದ್ದ, ಮೂರು ಅಗಲ, ಮೂರು ಎತ್ತರ, ಅಂಗೈಯಲ್ಲಿ ಮುಚ್ಚಿಹೋಗುತ್ತದೆ.

ಗೋಡೆಯ ಹಲಗೆಗಳು ಒಟ್ಟು 48: ದಕ್ಷಿಣಕ್ಕೆ 20, ಉತ್ತರಕ್ಕೆ 20, ಹಿಂಬದಿಗೆ 6, ಮೂಲೆಗಳಿಗೆ 2. ಬಡಗಿ ಕೊಯ್ದು ಕೊಟ್ಟ ಹಲಗೆಗಳನ್ನು ಜೋಡಿಸುವಾಗ ಹಿಂಬದಿಯ ಗೋಡೆ ನಮ್ಮನ್ನು ಕಾಡಿತು. ಒಂದೂವರೆ ಮೊಳದ ಆರು ಹಲಗೆ ಸೇರಿದರೆ ಒಂಬತ್ತು ಮೊಳ. ಅಗಲ ಹತ್ತು ಬೇಕು. ಮೂಲೆಯ ಹಲಗೆಗಳ ಬಗ್ಗೆ ಮೂಲ ವಚನವೇ ಬಿಡಿಸಲು ಕಠಿಣ. ಮೂಲೆ ಹಲಗೆಗಳು ಒಂದೊಂದು ಸೆಂಟಿಮೀಟರ್ ಮಾತ್ರ ಒಳಗೆ ಕಾಣುವಂತೆ ಪಕ್ಕದ ಗೋಡೆಯ ಹಿಂದಕ್ಕೆ ಸರಿಸಿ ನಿಲ್ಲಿಸಿದೆವು. ಗೋಡೆ ನಿಂತಿತು.

ಪ್ರತಿ ಹಲಗೆಯ ಬುಡದಲ್ಲಿ ಎರಡು ಕೂರುಗೂಟ, ಅವು ಕೂರಲು ಎರಡು ಬೆಳ್ಳಿಯ ಗದ್ದಿಗೆಕಲ್ಲು. ಹೊಲಿಗೆಯವಳಾದ ನನಗೆ ಅದನ್ನು ಓದಿದ ಕ್ಷಣ ಹೊಳೆದದ್ದು ಟಿಚ್ ಬಟನ್. ಬಟನ್ನಿನ ಉಬ್ಬು ಹಲಗೆಗೆ, ತಗ್ಗು ನೆಲಕ್ಕೆ. ಒತ್ತಿದರೆ 'ಟಿಚ್' ಎಂದು ಕೂರುತ್ತದೆ. 48 ಹಲಗೆಗೆ 96 ಬಟನ್, ಒಳಕೋಣೆಯ ಮುಂದಿನ ತೆರೆಯ ನಾಲ್ಕು ಕಂಬಗಳಿಗೆ ನಾಲ್ಕು, ಒಟ್ಟು 100. ಮಕ್ಕಳು ಒಂದೊಂದನ್ನೂ ಎಣಿಸುತ್ತ ಒತ್ತುತ್ತಿದ್ದಾಗ ನಾನು ಆ ಬೆಳ್ಳಿ ಎಲ್ಲಿಂದ ಬಂತೆಂಬುದನ್ನು ಓದಿ ಹೇಳಿದೆ. ಜನಗಣತಿಯಲ್ಲಿ ಎಣಿಕೆಯಾದ 6,03,550 ಗಂಡಸರು ತಲೆಗೆ ಅರ್ಧ ಶೆಕೆಲ್‌ನಂತೆ ತಮ್ಮ ಪ್ರಾಣಕ್ಕೆ ಈಡಾಗಿ ಕೊಟ್ಟ ಬೆಳ್ಳಿ ಅದು. ಐಶ್ವರ್ಯವಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ. ನೂರು ಗದ್ದಿಗೆಕಲ್ಲಿಗೆ ನೂರು ತಲಾಂತು, ಒಂದೊಂದು ತಲಾಂತು ಸುಮಾರು 34 ಕಿಲೋ. ಬಂಗಾರ ಹೊದಿಸಿದ ಗೋಡೆಯೆಲ್ಲ ನಿಂತದ್ದು ಈ ಈಡಿನ ಬೆಳ್ಳಿಯ ಮೇಲೆ. 'ಬೆಳ್ಳಿ ಎಂದರೆ ಬಿಡುಗಡೆ' ಎಂದು ಇಷ್ಟು ವರ್ಷ ಬಾಯಿಪಾಠ ಮಾಡಿಸಿದ್ದ ನನಗೇ ಅದರ ಕಾರಣ ಬೆರಳ ತುದಿಗೆ ಸಿಕ್ಕಿದ್ದು ಅಂದು.

ಆಗಿನಿಂದ ನನಗೊಂದು ಕಟ್ಟುಪಾಡು ಮಾಡಿಕೊಂಡೆ. ವಚನವೇ ಕೊಡುವ ಅರ್ಥವನ್ನು ಗಟ್ಟಿಯಾಗಿ ಹೇಳುವುದು. ಸಭೆಯ ಹಿರಿಯರು ಶತಮಾನಗಳಿಂದ ಕಂಡ ಅರ್ಥವನ್ನು 'ಹೀಗೆ ಓದಿಕೊಂಡು ಬಂದಿದ್ದಾರೆ' ಎಂದು ಸೇರಿಸಿ ಹೇಳುವುದು. ಬುಡವಿಲ್ಲದ್ದನ್ನು ಬಿಟ್ಟುಬಿಡುವುದು. ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ ಕರ್ತೃವೂ ಒಂಬತ್ತನೆಯ ಅಧ್ಯಾಯದಲ್ಲಿ ದೀಪಸ್ತಂಭ, ಮೇಜು, ಮಂಜೂಷ, ರೆಕ್ಕೆಗಳಿರುವ ಕಾವಲು ಜೀವಿಗಳಾದ ಕೆರೂಬಿಗಳನ್ನೆಲ್ಲ ಹೆಸರಿಸಿ, ಇವನ್ನು ಒಂದೊಂದಾಗಿ ವಿವರಿಸಲು ಈಗ ಆಗದು ಎಂದು ಮುಂದಕ್ಕೆ ಹೋಗುತ್ತಾನೆ. ಅಷ್ಟು ತಿಳಿದವನೇ ಅಲ್ಲಿ ನಿಂತನಲ್ಲ ಎಂದು ನನಗೆ ಧೈರ್ಯ ಬಂತು.

ಬಿಟ್ಟುಬಿಟ್ಟವುಗಳಲ್ಲಿ ಎರಡು ನನಗೆ ಬಹಳ ಪ್ರಿಯವಾಗಿದ್ದವು. ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟಿ ಒಳಕೋಣೆಗೆ ಕಳುಹಿಸುತ್ತಿದ್ದರು, ಒಳಗೆ ಸತ್ತರೆ ಎಳೆದುಕೊಳ್ಳಲು ಎಂಬ ಕಥೆ ಒಂದು. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಸತ್ಯವೇದದಲ್ಲಿ ಅದಿಲ್ಲ, ಮಧ್ಯಯುಗದ ಯೆಹೂದಿ ಬರಹಗಳಲ್ಲಿ ಬರುವ ಮಾತು ಅದು. ಇನ್ನೊಂದು, ಇಸ್ರಾಯೇಲರ ಪಾಳೆಯವನ್ನು ಮೇಲಿನಿಂದ ನೋಡಿದರೆ ಶಿಲುಬೆಯಂತೆ ಕಾಣುತ್ತಿತ್ತು ಎಂಬುದು. ಸತ್ಯವೇದದ ಅರಣ್ಯಕಾಂಡವೆಂಬ ಪುಸ್ತಕ ಪೂರ್ವಕ್ಕೆ 1,86,400 ಗಂಡಸರು, ದಕ್ಷಿಣಕ್ಕೆ 1,51,450, ಪಶ್ಚಿಮಕ್ಕೆ 1,08,100, ಉತ್ತರಕ್ಕೆ 1,57,600 ಎಂದು ಲೆಕ್ಕ ಕೊಡುತ್ತದೆ. ಅವರು ಎಷ್ಟು ಅಗಲಕ್ಕೆ ಡೇರೆ ಹಾಕಿದರು ಎಂದು ಹೇಳುವುದಿಲ್ಲ. ಶಿಲುಬೆ ಬರಬೇಕಾದರೆ ಅಗಲವನ್ನು ನಾವೇ ಊಹಿಸಿಕೊಳ್ಳಬೇಕು. ಕ್ರಿಸ್ತನ ಶಿಲುಬೆಗೆ ನನ್ನ ಊಹೆಯ ಆಸರೆ ಬೇಕಿಲ್ಲ.

ಮೇಲ್ಹೊದಿಕೆಗಳಿಗೆ ಬಂದಾಗ ಬಹಳ ದಿನ ನಿಂತೆವು. ನಾಲ್ಕು ಪದರ. ಒಳಗಡೆ ನಾರುಬಟ್ಟೆ, ಅದರಲ್ಲಿ ನೀಲಿ, ಧೂಮ್ರ, ಕಡುಗೆಂಪು ದಾರದ ಕೆರೂಬಿಗಳು. ಅದರ ಮೇಲೆ ಆಡಿನ ಕೂದಲಿನ ಬಟ್ಟೆ. ನಮಗೆ ಸಿಕ್ಕಿದ್ದು ಹಳೆಯ ಕರಿ ಕಂಬಳಿಯ ತುಂಡು, ಕುರಿಯ ಉಣ್ಣೆಯದ್ದು. ಅದರ ಮೇಲೆ ಕೆಂಪು ಬಣ್ಣದ ಟಗರಿನ ತೊಗಲು. ಎಲ್ಲಕ್ಕೂ ಮೇಲೆ ಹೀಬ್ರೂವಿನಲ್ಲಿ ತಹಶ್ ಎಂದು ಹೇಳಿರುವ ತೊಗಲು. ಅದು ಯಾವ ಪ್ರಾಣಿಯೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಚಪ್ಪಲಿ ಹೊಲಿಯುವವರ ಬಳಿ ಚೂರುಪಾರು ತೊಗಲು ತಂದು ಜೋಡಿಸಿದೆವು. ಅಂಗಳದ ಪರದೆ ಐದು ಮೊಳ ಎತ್ತರ, ಗುಡಾರ ಹತ್ತು. ಮಕ್ಕಳಿಗೆ ಮಂಡಿಯೂರಿ, ಕಣ್ಣನ್ನು ಮರಳಿನ ಮಟ್ಟಕ್ಕೆ ಇಳಿಸಿ ನೋಡಲು ಹೇಳಿದೆ. ಏನು ಕಾಣುತ್ತದೆ? ಬಿಳಿ ಪರದೆಯ ಮೇಲೆ ಮಾಸಲು ತೊಗಲಿನ ಬೆನ್ನು ಮಾತ್ರ. ಬಂಗಾರವಿಲ್ಲ, ಬಣ್ಣವಿಲ್ಲ. ಆಮೇಲೆ ಹೊದಿಕೆ ಸ್ವಲ್ಪ ಎತ್ತಿ, ಒಳಗೆ ಟಾರ್ಚ್ ಬಿಟ್ಟೆ. ನೋಡಲು ಅಂದಚಂದವಿಲ್ಲದವನು ಎಂದು ಪ್ರವಾದಿ ಯೆಶಾಯ ಹೇಳಿದ ಸೇವಕನನ್ನು ಕ್ರೈಸ್ತರು ಇಲ್ಲಿ ನೆನೆಯುತ್ತಾರೆ. ಸುವಾರ್ತೆ ಬರೆದ ಯೋಹಾನನೂ ವಾಕ್ಯವೆಂಬಾತನು, ಅಂದರೆ ಕ್ರಿಸ್ತನು, ನಮ್ಮ ನಡುವೆ ವಾಸಮಾಡಿದನು ಎನ್ನುವಾಗ ಗ್ರೀಕಿನಲ್ಲಿ ಗುಡಾರ ಹಾಕಿದನು ಎಂಬ ಪದವನ್ನೇ ಬಳಸುತ್ತಾನೆ. ಆ ದಿನ ಇಷ್ಟೇ ಹೇಳಿ ಪಾಠ ಮುಗಿಸಿದೆ.

ದೀಪಸ್ತಂಭಕ್ಕೂ ನೀರಿನ ತೊಟ್ಟಿಗೂ ವಚನದಲ್ಲಿ ಅಳತೆಯೇ ಇಲ್ಲ. ಪಕ್ಕದ ಬೀದಿಯ ಪತ್ತಾರರು ಹಿತ್ತಾಳೆ ತಂತಿ ಬಗ್ಗಿಸಿ, ಬಾದಾಮಿ ಹೂವಿನ ಬಟ್ಟಲುಗಳಿರುವ ಏಳು ಕವಲಿನ ದೀಪಸ್ತಂಭ ಮಾಡಿಕೊಟ್ಟರು. ತೊಟ್ಟಿಯನ್ನು ಗುಡಾರದ ಬಾಗಿಲಲ್ಲಿ ಸೇವೆಗೆ ಬರುತ್ತಿದ್ದ ಹೆಂಗಸರ ತಾಮ್ರದ ಕನ್ನಡಿಗಳಿಂದ ಮಾಡಿದ್ದು ಎಂದು ಓದಿ, ಲಂಬಾಣಿ ಕಸೂತಿಗೆ ಬಳಸುವ ಪುಟ್ಟ ಕನ್ನಡಿಗಳನ್ನು ಅಂಟಿಸಿದೆವು.

ಇನ್ನು ತೆರೆ. ಪರಿಶುದ್ಧಸ್ಥಾನಕ್ಕೂ ಮಹಾಪರಿಶುದ್ಧಸ್ಥಾನಕ್ಕೂ ನಡುವಿನದು. ಅದನ್ನು ಹೊಲಿಯಲು ನನ್ನ ಅತ್ತೆಯವರನ್ನು ಕೇಳಿಕೊಂಡೆ. ಅವರ ಕೈ ಧಾರವಾಡದ ಕಸೂತಿಯಲ್ಲಿ ಪಳಗಿದ್ದು. ಅಳತೆ ಕೊಟ್ಟೆ, 20 ಸೆಂಟಿಮೀಟರ್ ಚೌಕ. "ಕೆರೂಬಿ ಹೇಗಿರುತ್ತದೆ?" ಎಂದು ಕೇಳಿದರು. ರೆಕ್ಕೆಗಳಿವೆ ಎಂದು ಬಿಟ್ಟರೆ ನನಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಆದಾಮನನ್ನು ಹೊರಹಾಕಿದ ಮೇಲೆ ಏದೆನಿನ ಪೂರ್ವಕ್ಕೆ ಕಾವಲು ನಿಂತವರು ಅವರೇ, ಗುಡಾರದ ಬಾಗಿಲೂ ಪೂರ್ವಕ್ಕೇ ಇದೆ, ಒಳಗೆ ಹೋಗುವ ಮಹಾಯಾಜಕ ಪಶ್ಚಿಮಕ್ಕೆ, ಅಂದರೆ ಆದಾಮ ಬಂದ ದಾರಿಯಲ್ಲೇ ಹಿಂದಿರುಗಿ ನಡೆಯುತ್ತಾನೆ ಎಂದೆ. ಅತ್ತೆ ಸ್ವಲ್ಪ ಹೊತ್ತು ಸೂಜಿ ಹಿಡಿದು ಸುಮ್ಮನೆ ಕುಳಿತರು. ಆಮೇಲೆ ಕಸೂತಿಯ ನವಿಲಿನ ರೆಕ್ಕೆಗಳನ್ನೇ ತೆಗೆದುಕೊಂಡು, ಮುಖವಿಲ್ಲದ ಎರಡು ಜೋಡಿ ರೆಕ್ಕೆ ಹಾಕಿದರು.

ವಿಮೋಚನಕಾಂಡ ತೆರೆಯ ಕೆಲಸಕ್ಕೂ ಬಾಗಿಲಿನ ಪರದೆಯ ಕೆಲಸಕ್ಕೂ ಬೇರೆ ಬೇರೆ ಪದ ಬಳಸುತ್ತದೆ. ಬಾಗಿಲಿನದು ಸೂಜಿಯ ಕೆಲಸ, ಒಂದೇ ಮುಖ. ತೆರೆಯದು ನೇಯ್ಗೆಯ ಕೆಲಸ, ಎರಡೂ ಮುಖದಲ್ಲಿ ಚಿತ್ರ ಎಂದು ಯೆಹೂದಿ ಗುರುಗಳ ಹಳೆಯ ವಿವರಣೆ. ನಾನು ಇದನ್ನು ಹೇಳಿದಾಗ ಅತ್ತೆ ಬಟ್ಟೆಯನ್ನು ತಿರುಗಿಸಿ ತೋರಿಸಿದರು. ಗವಂತಿ ಹೊಲಿಗೆ: ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುವುದು, ಗಂಟು ಹಾಕದಿರುವುದು. ಹಿಂದೆ ಮುಂದೆ ಎರಡೂ ಒಂದೇ. ಯಾರೂ ನೋಡದ ಒಳಕೋಣೆಯ ಕಡೆಗೂ ಅದೇ ರೆಕ್ಕೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಗುಡಾರ ಮೊದಲು ಯೆಹೂದ್ಯರದು. ಅದು ನಮ್ಮ ನಂಬಿಕೆಯ ಮುನ್ನುಡಿಯಾಗಿ ಮಾತ್ರ ಬದುಕಿದ್ದಲ್ಲ. ಸಬ್ಬತ್ತಿನಲ್ಲಿ ಮಾಡಬಾರದ 39 ಬಗೆಯ ಕೆಲಸಗಳನ್ನು ಅವರ ಗುರುಗಳು ಗುಡಾರ ಕಟ್ಟುವ ಕೆಲಸಗಳಿಂದಲೇ ಗುರುತಿಸಿದರು. ಅವರ ಸಭಾಮಂದಿರಗಳಲ್ಲಿ ಧರ್ಮಶಾಸ್ತ್ರದ ಸುರುಳಿಗಳ ಪೆಟ್ಟಿಗೆಯ ಮುಂದೆ ಇಂದಿಗೂ ತೆರೆ ತೂಗುತ್ತದೆ, ದೀಪ ಉರಿಯುತ್ತದೆ. 'ಇದು ಖಾಲಿ ನೆರಳು, ನಾವು ಬಂದ ಮೇಲೆ ಅರ್ಥ ಬಂತು' ಎನ್ನುವ ಧಾಟಿಯಲ್ಲಿ ಮಕ್ಕಳಿಗೆ ಕಲಿಸುವುದು ತಪ್ಪೆಂದೇ ನಾನು ತಿಳಿದಿದ್ದೇನೆ.

ಶುಭ ಶುಕ್ರವಾರ ಮಾದರಿಯನ್ನು ನಮ್ಮ ಸಭೆಯ ದೇವಾಲಯದೊಳಗೆ ಇಟ್ಟೆವು. ಯೇಸು ಪ್ರಾಣ ಬಿಟ್ಟಾಗ ಯೆರೂಸಲೇಮಿನ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೂ ಹರಿದು ಎರಡು ಭಾಗವಾಯಿತು ಎಂಬ ಮತ್ತಾಯನ ಮಾತು ಓದುವಾಗ ತೆರೆಯನ್ನು ಹರಿಯಬೇಕೆಂದು ನಾನೇ ಯೋಜಿಸಿದ್ದೆ. ಹರಿಯುವುದಕ್ಕೆಂದೇ ಇದು ಎಂದು ಅತ್ತೆಗೆ ಮೊದಲೇ ಹೇಳಿದ್ದೆ. ಆದರೂ ಕಸೂತಿ ಮಾಡಲು ಅವರು ತೆಗೆದುಕೊಂಡದ್ದು ಐದು ವಾರ. ಹಿಂದಿನ ರಾತ್ರಿ ಮೇಲಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟಿಟ್ಟಿದ್ದೆ. ವಾಕ್ಯ ಬಂದಾಗ ಎರಡೂ ಕೈಯಿಂದ ಎಳೆದೆ. ಎರಡು ಬೆರಳಷ್ಟು ಹರಿದು, ರೆಕ್ಕೆಯ ಹೊಲಿಗೆ ಸಿಕ್ಕಿದಲ್ಲಿ ನಿಂತುಬಿಟ್ಟಿತು. ಗವಂತಿಯ ದಾರ ಬಿಡಲಿಲ್ಲ. ಮತ್ತೆ ಎಳೆದೆ. ಒಂದೊಂದೇ ದಾರ ಪಟ್ ಪಟ್ ಎಂದು ಕಡಿದದ್ದು ಮುಂದಿನ ಸಾಲಿಗೆಲ್ಲ ಕೇಳಿಸಿತು. "ಅಜ್ಜಿ ಹೊಲಿದದ್ದು!" ಎಂದು ಒಂದು ಮಗು ಕೂಗಿತು. ತೆರೆ ಎಂದರೆ ಆತನ ಶರೀರವೇ ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯ ಹತ್ತನೆಯ ಅಧ್ಯಾಯ ಹೇಳುತ್ತದೆ. ಅದನ್ನು ಓದಬೇಕಾಗಿದ್ದವಳು ನಾನು; ಗಂಟಲು ಕಟ್ಟಿ, ಸಭಾಪಾಲಕರು ಓದಿದರು.

ಆರಾಧನೆ ಮುಗಿದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಒಂದು ತಪ್ಪು ತೋರಿಸಿದರು. ಹರಿದ ತೆರೆಯ ಹಿಂದೆ ನಾನು ಮಂಜೂಷವನ್ನು ಬಿಟ್ಟಿದ್ದೆ. ಯೇಸುವಿನ ಕಾಲದಲ್ಲಿ ಅದು ಅಲ್ಲಿರಲಿಲ್ಲ. ಸೊಲೊಮೋನನ ದೇವಾಲಯವನ್ನು ಬಾಬೆಲಿನವರು ಕ್ರಿ.ಪೂ. 586ರಲ್ಲಿ ಸುಟ್ಟ ಮೇಲೆ ಮಂಜೂಷದ ಸುಳಿವಿಲ್ಲ. ಎರಡನೆಯ ದೇವಾಲಯದ ಒಳಕೋಣೆಯಲ್ಲಿ ಏನೂ ಇರಲಿಲ್ಲ ಎಂದು, ಕ್ರಿ.ಶ. 70ರಲ್ಲಿ ಅದು ನಾಶವಾಗುವ ಮುನ್ನ ಕಂಡಿದ್ದ ಯೆಹೂದಿ ಇತಿಹಾಸಕಾರ ಯೋಸೇಫನೇ (ಜೋಸೆಫಸ್) ಬರೆದಿದ್ದಾನೆ. ಅರಣ್ಯದ ಗುಡಾರವನ್ನೂ ಯೆರೂಸಲೇಮಿನ ದೇವಾಲಯವನ್ನೂ ನಾನು ಒಂದೇ ಮಾಡಿಬಿಟ್ಟಿದ್ದೆ.

ಮುಂದಿನ ವರ್ಷ ಅತ್ತೆ ಹೊಸ ತೆರೆ ಹೊಲಿಯಲು ಬಟ್ಟೆ ತೆಗೆದಿಟ್ಟಿದ್ದರು. ನಾನು ಬೇಡವೆಂದೆ. ಮಹಾಯಾಜಕ ವರ್ಷಕ್ಕೊಮ್ಮೆ ದೋಷಪರಿಹಾರದ ದಿನ ರಕ್ತ ಹಿಡಿದು ಒಳಹೋಗುತ್ತಿದ್ದನು, ಕ್ರಿಸ್ತನು ಹೋದದ್ದು ಒಂದೇ ಸಾರಿ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಮತ್ತೆ ಮತ್ತೆ ಹೇಳುತ್ತದೆ. ಪ್ರತಿ ವರ್ಷ ಹೊಲಿದು ಪ್ರತಿ ವರ್ಷ ಹರಿದರೆ ನಾನು ಅದಕ್ಕೆ ವಿರುದ್ಧವಾದ ಪಾಠ ಕಲಿಸಿದಂತೆ. ಹರಿದ ತೆರೆಯನ್ನೇ ನೇತುಹಾಕಿ, ಮಂಜೂಷವನ್ನೂ ಅದರ ಮುಚ್ಚಳವಾದ ಕೃಪಾಸನವನ್ನೂ ತೆಗೆದಿಟ್ಟೆ. ಮಕ್ಕಳು ಒಬ್ಬೊಬ್ಬರಾಗಿ ಸೀಳಿನಲ್ಲಿ ಕಣ್ಣಿಟ್ಟು ನೋಡಿದರು.

"ಟೀಚರ್, ಒಳಗೆ ಏನೂ ಇಲ್ಲ. ಕೃಪಾಸನ ಎಲ್ಲಿ ಹೋಯಿತು?"

ಪೌಲನು ರೋಮಾಪುರದವರಿಗೆ ಬರೆಯುವಾಗ ಯೇಸುವಿಗೆ ಬಳಸಿರುವ ಒಂದು ಗ್ರೀಕ್ ಪದ, ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಕೃಪಾಸನಕ್ಕೆ ಇರುವ ಪದವೇ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಬನ್ನಿ ಎಂದೆ.

ಈಸ್ಟರ್ ಬೆಳಿಗ್ಗೆ ಯೋಹಾನನ ಇಪ್ಪತ್ತನೆಯ ಅಧ್ಯಾಯ ಓದಿದೆ. ಮಗ್ದಲದ ಮರಿಯಳು ಅಳುತ್ತ ಬಗ್ಗಿ ಸಮಾಧಿಯೊಳಗೆ ನೋಡುತ್ತಾಳೆ. ಯೇಸುವಿನ ದೇಹ ಇಟ್ಟಿದ್ದ ಜಾಗದಲ್ಲಿ ಬಿಳಿ ವಸ್ತ್ರದ ಇಬ್ಬರು ದೇವದೂತರು ಕುಳಿತಿದ್ದಾರೆ, ಒಬ್ಬನು ತಲೆಯಿದ್ದ ಕಡೆ, ಒಬ್ಬನು ಕಾಲಿದ್ದ ಕಡೆ. ಕೃಪಾಸನದ ಎರಡು ಕೊನೆಗೆ ಎರಡು ಕೆರೂಬಿಗಳನ್ನು ಸೋಪಿನಲ್ಲಿ ಕೆತ್ತಿ ಬಂಗಾರದ ಹಾಳೆ ಅಂಟಿಸಿದ್ದ ಹುಡುಗ ಮೂರನೆಯ ಸಾಲಿನಲ್ಲಿದ್ದನು. ಓದು ಮುಗಿಯುವ ಮೊದಲೇ ಅವನು ಎದ್ದು ನಿಂತು, ಎರಡೂ ಕೈಗಳನ್ನು ಎದುರುಬದುರಾಗಿ ಹಿಡಿದು, ನಡುವಿನ ಖಾಲಿ ಜಾಗವನ್ನು ನೋಡುತ್ತಿದ್ದನು.