ಸೈನಿಕರಾಗಿದ್ದ ಮನೆಯ ಹಿರಿಯರ ಬಾಳನ್ನು ಬರೆದಿಡುವ ಕ್ರಮ

1962ರ ಚೀನಾ ಯುದ್ಧದ ಆಸುಪಾಸಿನಲ್ಲಿ ಸೈನ್ಯ ಸೇರಿ, 1965 ಮತ್ತು 1971ರ ಯುದ್ಧಗಳನ್ನು ಕಂಡು, ಪಿಂಚಣಿಯೊಡನೆ ಊರಿಗೆ ಮರಳಿದವರು ಈಗ ಎಂಬತ್ತು ದಾಟಿದ್ದಾರೆ. ಅರಕಲಗೂಡು ತಾಲ್ಲೂಕಿನ ನಮ್ಮ ದೊಡ್ಡಪ್ಪ ಅವರಲ್ಲೊಬ್ಬರು. ಹದಿನೈದು ವರ್ಷ ಸೈನ್ಯದಲ್ಲಿದ್ದು ಬಂದ ಮೇಲೆ ಅವರು ಬೇಸಾಯ ಮಾಡಿದರು, ನಾಲ್ವರು ಮಕ್ಕಳನ್ನು ಬೆಳೆಸಿದರು, ಊರಿನ ಹುಡುಗರಿಗೆ ಹಾರ್ಮೋನಿಯಂ ಮುಂದೆ ಕುಳಿತು ಪೌರಾಣಿಕ ನಾಟಕ ಕಲಿಸಿದರು. ಅವರ ಬಾಳನ್ನು ಬರೆಯಲು ನನಗೆ ಎರಡು ವರ್ಷ ಹಿಡಿಯಿತು. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಈ ಕೆಲಸವನ್ನು ಈ ವರ್ಷವೇ ಆರಂಭಿಸಿರಿ.

ನನ್ನ ಮೊದಲ ಕರಡಿನ ಮುಕ್ಕಾಲು ಭಾಗ ಯುದ್ಧವೇ ಆಗಿತ್ತು. ಅದನ್ನು ಓದಿಸಿ ಕೇಳಿದ ದೊಡ್ಡಮ್ಮ, "ಇದರಲ್ಲಿ ಮನೆಯೇ ಇಲ್ಲವಲ್ಲಪ್ಪ" ಎಂದರು. 1971ರ ಯುದ್ಧ ಡಿಸೆಂಬರ್ 3ರಂದು ಆರಂಭವಾಗಿ, 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಗುವುದರೊಂದಿಗೆ ಮುಗಿಯುವ ಹಂತಕ್ಕೆ ಬಂದಿತ್ತು. ಎಂಬತ್ತನಾಲ್ಕು ವರ್ಷಗಳ ಬಾಳಿನಲ್ಲಿ ಅದು ಎರಡು ವಾರ. ಆ ಎರಡು ವಾರಗಳನ್ನು ಕಡಿಮೆ ಮಾಡಿ ಹೇಳಬೇಕೆಂದಲ್ಲ. ಅದಕ್ಕಾಗಿ ಉಳಿದ ವರ್ಷಗಳನ್ನು ನುಂಗಿಹಾಕಬಾರದು ಎಂಬುದನ್ನು ಬರೆಯುವವರು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.

ಕೆಲಸವನ್ನು ಅಟ್ಟದ ಮೇಲಿನ ಟ್ರಂಕಿನಿಂದ ಆರಂಭಿಸುವುದು ಒಳ್ಳೆಯದು. ಹೆಸರನ್ನೂ ಸೈನ್ಯದ ನಂಬರನ್ನೂ ಬಿಳಿ ಬಣ್ಣದಲ್ಲಿ ಬರೆದಿರುವ ಆ ಕಪ್ಪು ಟ್ರಂಕಿನಲ್ಲಿ ಸಾಮಾನ್ಯವಾಗಿ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶದ ಪ್ರತಿ, ಪದಕಗಳು ಮತ್ತು ಒಂದಷ್ಟು ಪತ್ರಗಳಿರುತ್ತವೆ. ಸೇರಿದ ದಿನ, ಬಿಟ್ಟ ದಿನ ಮತ್ತು ದರ್ಜೆಯನ್ನು ಡಿಸ್ಚಾರ್ಜ್ ಬುಕ್ಕಿನಿಂದಲೇ ತೆಗೆದುಕೊಳ್ಳಿರಿ, ನೆನಪನ್ನು ನಂಬಬೇಡಿರಿ. ಪದಕಗಳನ್ನು ಹುಣಸೆಹಣ್ಣು ಹಾಕಿ ಉಜ್ಜಲೇಬಾರದು, ಏಕೆಂದರೆ ಅಂಚಿನಲ್ಲಿ ಕೊರೆದಿರುವ ನಂಬರು ಮತ್ತು ಹೆಸರು ಸವೆದುಹೋಗುತ್ತವೆ. ಪಶ್ಚಿಮಿ ಸ್ಟಾರ್ ಇದ್ದರೆ 1971ರಲ್ಲಿ ಪಶ್ಚಿಮದ ರಣರಂಗದಲ್ಲಿದ್ದರೆಂದೂ ಪೂರ್ವಿ ಸ್ಟಾರ್ ಇದ್ದರೆ ಪೂರ್ವದಲ್ಲಿದ್ದರೆಂದೂ ತಿಳಿಯಬಹುದು. ಸಂಗ್ರಾಮ್ ಮೆಡಲ್ ಆಗ ಸೇವೆಯಲ್ಲಿದ್ದವರಿಗೆ ವ್ಯಾಪಕವಾಗಿ ದೊರೆತದ್ದರಿಂದ, ಅದೊಂದನ್ನೇ ನೋಡಿ ಮುಂಚೂಣಿಯಲ್ಲಿ ಕಾದಾಡಿದರೆಂದು ಬರೆಯುವಂತಿಲ್ಲ. ಪತ್ರಗಳ ವಿಳಾಸದಲ್ಲಿ ಊರಿನ ಬದಲು 56 ಎ.ಪಿ.ಒ. ಅಥವಾ 99 ಎ.ಪಿ.ಒ. (ಸೈನ್ಯದ ಅಂಚೆ ಕಚೇರಿ) ಎಂದಷ್ಟೇ ಇರುತ್ತದೆ. ಸೈನಿಕನಿರುವ ಜಾಗವನ್ನು ಮರೆಮಾಡಲೆಂದೇ ಆ ವ್ಯವಸ್ಥೆ ಇರುವುದರಿಂದ ಅದರಲ್ಲಿ ಊರನ್ನು ಹುಡುಕುವುದು ವ್ಯರ್ಥ, ಆದರೆ ಅಂಚೆ ಮುದ್ರೆಯ ದಿನಾಂಕ ಬಹಳ ಉಪಯೋಗಕ್ಕೆ ಬರುತ್ತದೆ.

ಮಾತನಾಡಿಸುವುದಕ್ಕೆ ಬೆಳಗಿನ ಕಾಫಿಯ ನಂತರದ ಹೊತ್ತು ಸೂಕ್ತ. ಫಿರಂಗಿಯ ಸದ್ದಿಗೆ ಕಿವಿ ಮಂದವಾಗಿದ್ದರೆ ಚೆನ್ನಾಗಿ ಕೇಳುವ ಕಿವಿಯ ಕಡೆ ಕುಳಿತುಕೊಳ್ಳಿರಿ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುವುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಸಕಲೇಶಪುರದ ಕಡೆಯವರಾದರೆ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವ ತಿಂಗಳುಗಳನ್ನು ಬಿಟ್ಟುಬಿಡಬೇಕು. "ಭಯವಾಯಿತೇ", "ಎಷ್ಟು ಜನರನ್ನು ಹೊಡೆದಿರಿ" ಎಂಬಂಥ ಪ್ರಶ್ನೆಗಳನ್ನು ಯಾವ ಕಾರಣಕ್ಕೂ ಕೇಳಬೇಡಿರಿ. "ದೊಡ್ಡಪ್ಪ, ಆವತ್ತು ರಾತ್ರಿ ಊಟಕ್ಕೆ ಏನು ಸಿಕ್ಕಿತು, ಪಕ್ಕದಲ್ಲಿ ಯಾರು ಮಲಗಿದ್ದರು" ಎಂದು ನಾನು ಕೇಳಿದಾಗ ಅವರು ಒಂದು ಗಂಟೆ ಮಾತನಾಡಿದರು, ಆಮೇಲೆ ಒಂದು ಹೆಸರಿನ ಬಳಿ ನಿಂತುಬಿಟ್ಟರು. ನಾನು ಮುದ್ರಣವನ್ನು ನಿಲ್ಲಿಸಿ ಸುಮ್ಮನೆ ಕುಳಿತೆ. ಆ ಹೆಸರಿನವರ ಕಥೆಯನ್ನು ಅವರು ಹೇಳಲಿಲ್ಲ, ನಾನೂ ಬರೆದಿಲ್ಲ.

ಅವರ ಕಲೆಯ ಕುರಿತ ಭಾಗಕ್ಕೆ ಹೆಚ್ಚು ಪುಟಗಳನ್ನು ಮೀಸಲಿಡಬೇಕು, ಏಕೆಂದರೆ ಸೇವೆಯ ದಾಖಲೆ ಸರ್ಕಾರದ ಬಳಿಯೂ ಇರುತ್ತದೆ, ಇದು ಎಲ್ಲಿಯೂ ಇರುವುದಿಲ್ಲ. ನಾಟಕದ ಮೇಷ್ಟ್ರಾಗಿದ್ದವರಾದರೆ ಮಾತುಗಳನ್ನೂ ಕಂದಪದ್ಯಗಳನ್ನೂ ಬರೆದುಕೊಂಡ ನೋಟ್‌ಬುಕ್ಕುಗಳನ್ನು ಪುಟ ಪುಟವಾಗಿ ಫೋಟೊ ತೆಗೆಯಿರಿ. ಹಾಡಿನ ನೆತ್ತಿಯ ಮೇಲೆ ರಾಗ, ತಾಳ ಇಲ್ಲವೇ ಯಾವುದೋ ಹಳೆಯ ಹಾಡಿನ ಮಟ್ಟು ಎಂದು ಬರೆದಿರುತ್ತದೆ. ಆ ಮಟ್ಟು ಕಾಗದದಲ್ಲಿ ಉಳಿಯುವಂಥದ್ದಲ್ಲವಾದ್ದರಿಂದ ಅವರಿಂದಲೇ ಹಾಡಿಸಿ, ಹಾರ್ಮೋನಿಯಂನಲ್ಲಿ ಯಾವ ಶ್ರುತಿ, ಕಪ್ಪು ಎರಡೋ ಬಿಳಿ ನಾಲ್ಕೋ ಎಂಬುದನ್ನೂ ಅವರ ಬಾಯಲ್ಲೇ ಹೇಳಿಸಿ ಮುದ್ರಿಸಿಕೊಳ್ಳಬೇಕು. ದೊಡ್ಡಪ್ಪನವರ ಧ್ವನಿ ನಡುಗುತ್ತದೆ, ಮೇಲಿನ ಸ್ವರಕ್ಕೆ ಏರುವುದಿಲ್ಲ, ಆದರೂ ಬೆರಳುಗಳು ಈಗಲೂ ತಪ್ಪುವುದಿಲ್ಲ. ಅವರು ರಟ್ಟು ಕತ್ತರಿಸಿ ಬೇಗಡೆ ಅಂಟಿಸಿ ಮಾಡಿದ ಭೀಮನ ಗದೆಯೊಂದು ಹುಲ್ಲಿನ ಕೊಟ್ಟಿಗೆಯಲ್ಲಿ ಸಿಕ್ಕಿತು. ಅದನ್ನು ಕೈಗಿತ್ತಾಗ, ಅಂಟಿಗೆ ಎಷ್ಟು ಮೈದಾ ಎಷ್ಟು ನೀರು ಎಂಬುದರಿಂದ ಹಿಡಿದು ಆ ವರ್ಷ ಭೀಮನ ಪಾತ್ರ ಮಾಡಿದವರು ಯಾರೆಂಬವರೆಗೆ ಎಲ್ಲವನ್ನೂ ತಾವಾಗಿಯೇ ಹೇಳಿದರು. ವಸ್ತುವನ್ನು ಮುಂದಿಟ್ಟು ಕೇಳಿರಿ. ನಾಟಕದ ಹಳೆಯ ಕರಪತ್ರಗಳು ಸಿಕ್ಕರಂತೂ ದಿನಾಂಕ, ಊರು, ಪಾತ್ರಧಾರಿಗಳ ಹೆಸರು ಮೂರೂ ಒಟ್ಟಿಗೆ ದೊರೆಯುತ್ತವೆ.

ಮನೆಯಾಕೆಯನ್ನು ಬೇರೆಯಾಗಿ, ಅವರಿಲ್ಲದ ಹೊತ್ತಿನಲ್ಲಿ ಮಾತನಾಡಿಸಬೇಕು. ತಿಂಗಳಿಗೆ ಎಷ್ಟು ಮನಿಯಾರ್ಡರ್ ಬರುತ್ತಿತ್ತು, ರಜೆ ಮುಗಿಸಿ ಅರಸೀಕೆರೆಯಲ್ಲಿ ರೈಲು ಹತ್ತಲು ಹೊರಟಾಗ ಯಾವ ಮಗು ಕಂಕುಳಲ್ಲಿತ್ತು, ಪತ್ರ ಬಾರದ ದಿನಗಳಲ್ಲಿ ಬಿತ್ತನೆ ಮಾಡಿಸಿದವರು ಯಾರು ಎಂಬುದು ಆಕೆಗೆ ಮಾತ್ರ ಗೊತ್ತು.

ಇಸವಿ ನೆನಪಾಗದಿದ್ದರೆ ಒತ್ತಾಯಿಸಬೇಡಿರಿ. ನೆಹರೂ ತೀರಿಕೊಂಡ 1964ಕ್ಕೆ ಮೊದಲೋ ಆಮೇಲೋ, ಗೊರೂರಿನ ಅಣೆಕಟ್ಟೆಯಲ್ಲಿ ನೀರು ನಿಲ್ಲುವುದಕ್ಕೆ ಮೊದಲೋ, ಯಾವ ಮಗ ಶಾಲೆಗೆ ಸೇರಿದ ವರ್ಷವೋ ಎಂದು ಕೇಳುತ್ತ ಹೋದರೆ ಕಾಲ ತಾನಾಗಿ ಹೊಂದಿಕೊಳ್ಳುತ್ತದೆ.

ಕರಡು ಮುಗಿದ ಮೇಲೆ ದಿನಕ್ಕೆ ನಾಲ್ಕೈದು ಪುಟದಂತೆ ಅವರಿಗೆ ಓದಿ ಹೇಳಿರಿ, ಅವರು ತೆಗೆಯೆಂದದ್ದನ್ನು ಮರುಮಾತಿಲ್ಲದೆ ತೆಗೆಯಿರಿ. ಜೊತೆಗಾರರ ಹೆಸರುಗಳನ್ನು ಆಯಾ ಮನೆಯವರ ಒಪ್ಪಿಗೆಯಿಲ್ಲದೆ ಅಚ್ಚು ಮಾಡಿಸಬಾರದು. ನಮ್ಮ ದೊಡ್ಡಪ್ಪ ಯುದ್ಧದ ಅಧ್ಯಾಯದಲ್ಲಿ ಎರಡು ಸಾಲು ಹೊಡೆಸಿದರು. ನಾಟಕದ ಅಧ್ಯಾಯದಲ್ಲಿ ಒಂದು ತಾಳವನ್ನು ತಿದ್ದಿ, ನಾನು ಮರೆತಿದ್ದ ತಬಲಾದವರ ಹೆಸರನ್ನು ಪುಟದ ಅಂಚಿನಲ್ಲಿ ತಮ್ಮ ಕೈಯಿಂದಲೇ ಬರೆದರು. ಆ ಪುಟವನ್ನು ಬೆರಳಚ್ಚು ಮಾಡಿಸದೆ ಹಾಗೆಯೇ ಪುಸ್ತಕಕ್ಕೆ ಸೇರಿಸಿದ್ದೇನೆ.