ಹಸಿ ಮಾಂಸ ಮುಟ್ಟಿದ ಕೈ

ನಾಯಿಗೆ ಹಸಿ ಮಾಂಸ ಕೊಡಬೇಕೇ ಬೇಡವೇ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲಿಯೇ ಅದು ಬೇಡ ಎಂಬ ನಿಲುವು ತಳೆದಿದೆ. ನಮ್ಮ ಪಶುವೈದ್ಯರೂ ಮೊದಲ ಸಲ ಈ ವಿಷಯ ಎತ್ತಿದಾಗ ಹುಬ್ಬು ಗಂಟಿಕ್ಕಿದ್ದರು. ಅವರ ಆಕ್ಷೇಪಗಳನ್ನೆಲ್ಲ ಕೇಳಿಕೊಂಡು, ಊಟದ ಪಟ್ಟಿಯನ್ನು ಅವರಿಂದಲೇ ತಿದ್ದಿಸಿಕೊಂಡು, ನಾನು ನಮ್ಮ ಕೆಂಚನಿಗೆ ಹಸಿ ಮಾಂಸ ಕೊಡುತ್ತಾ ಬಂದಿದ್ದೇನೆ. ಹೀಗೆ ಕೊಡುವವರು ಅನೇಕರಿದ್ದಾರೆ. ಎಷ್ಟು ಮಾಂಸ, ಎಷ್ಟು ಮೂಳೆ, ಸುಣ್ಣದ ಅಂಶ ಎಷ್ಟಿರಬೇಕು ಎಂದು ಅವರು ತಲೆ ಕೆಡಿಸಿಕೊಳ್ಳುವುದನ್ನು ನೋಡಿದ್ದೇನೆ. ನಾಯಿಯ ಹೊಟ್ಟೆಯ ಬಗ್ಗೆ ಇರುವ ಆ ಕಾಳಜಿ ಮನೆಯವರ ಹೊಟ್ಟೆಯ ಬಗ್ಗೆಯೂ ಇರಬೇಕೆಂಬುದು ನನ್ನ ಹಟ. ಈ ಬರಹ ಆ ಹಟದ ಕುರಿತು.

ಹಟಕ್ಕೆ ಕಾರಣವಿದೆ. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ, ಲಿಸ್ಟೀರಿಯಾ, ಇ. ಕೋಲಿ, ಕ್ಯಾಂಪೈಲೋಬ್ಯಾಕ್ಟರ್ ಮುಂತಾದ ಬ್ಯಾಕ್ಟೀರಿಯಾ ಇರುವುದು ಅಪರೂಪವೇನಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2010ರಿಂದ 2012ರ ನಡುವೆ ಸಾಕುಪ್ರಾಣಿಗಳಿಗಾಗಿ ಮಾರುವ ಹಸಿ ಆಹಾರದ 196 ಮಾದರಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕವು. ನಾವು ಅಡುಗೆಗೆ ತರುವ ಮಾಂಸದಲ್ಲೂ ಇವು ಇರಬಹುದು, ಆದರೆ ಅದನ್ನು ಬೇಯಿಸುತ್ತೇವೆ, ಬೆಂಕಿ ನಮ್ಮ ಪರವಾಗಿ ಅರ್ಧ ಕೆಲಸ ಮುಗಿಸುತ್ತದೆ. ನಾಯಿಯ ಹಸಿ ಊಟದಲ್ಲಿ ಬೆಂಕಿ ಇಲ್ಲ. ಹಾಗಾಗಿ ಅದರ ಕೆಲಸವನ್ನೂ ನಮ್ಮ ಕೈಗಳೇ ಮಾಡಬೇಕು.

ನಾಯಿ ಆರೋಗ್ಯವಾಗಿದೆ, ಆದ್ದರಿಂದ ಮಾಂಸ ಶುದ್ಧವಾಗಿದೆ ಎಂದು ಅನೇಕರು ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಸರಿಯಲ್ಲ. ಸಾಲ್ಮೊನೆಲ್ಲಾ ಹೊಟ್ಟೆಗೆ ಹೋದರೂ ಎಷ್ಟೋ ನಾಯಿಗಳಿಗೆ ಏನೂ ಆಗುವುದಿಲ್ಲ, ಅವು ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಲೇ ಇರುತ್ತವೆ. ಆದರೆ ಅವುಗಳ ಮಲದಲ್ಲಿ ಆ ಬ್ಯಾಕ್ಟೀರಿಯಾ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹೊರಬರುತ್ತಿರುತ್ತದೆ. ಅದರಿಂದ ಕಾಯಿಲೆ ಬೀಳುವವರು ಮನೆಯ ಮಕ್ಕಳು, ಹಿರಿಯರು.

ನಾನು ಎಲ್ಲಕ್ಕಿಂತ ಮೊದಲು ಗಮನಿಸಲು ಕಲಿತದ್ದು ಮಾಂಸದಿಂದ ಸೋರುವ ಕೆಂಪು ನೀರು ಎಲ್ಲಿಗೆಲ್ಲ ಹೋಗುತ್ತದೆ ಎಂಬುದನ್ನು. ಮಾಂಸದ ತುಂಡು ಕಣ್ಣಿಗೆ ಕಾಣುತ್ತದೆ, ಅದನ್ನು ಎಲ್ಲಿಟ್ಟೆವೆಂಬುದು ನೆನಪಿರುತ್ತದೆ. ನೀರು ಹಾಗಲ್ಲ. ಪೊಟ್ಟಣದ ತಳದಿಂದ ಫ್ರಿಜ್‌ನ ಗಾಜಿಗೆ, ಅಲ್ಲಿಂದ ಕೆಳಗಿನ ತರಕಾರಿ ಡಬ್ಬಕ್ಕೆ, ಬೆರಳ ತುದಿಯಿಂದ ನಲ್ಲಿಯ ತಿರುಪಿಗೆ, ತಿರುಪಿನಿಂದ ಮತ್ತೆ ತೊಳೆದ ಕೈಗೇ ಅದು ಹೋಗುತ್ತದೆ. ಮನೆಯಲ್ಲಿ ಹಸಿ ಮಾಂಸವನ್ನು ಸುರಕ್ಷಿತವಾಗಿ ಬಳಸುವುದೆಂದರೆ ಈ ದಾರಿಯನ್ನು ಆದಷ್ಟು ಮೊಟಕು ಮಾಡುವುದು.

ಅದಕ್ಕೆ ನನಗೆ ಬಹಳ ನೆರವಾದದ್ದು ಎರಡು ಕೈಗಳಿಗೆ ಕೆಲಸ ಹಂಚುವ ಪದ್ಧತಿ. ಎಡಗೈ ಮಾಂಸದ್ದು, ಬಲಗೈ ಮನೆಯದ್ದು. ಎಡಗೈ ಮಾಂಸ ಎತ್ತುತ್ತದೆ, ಬಟ್ಟಲಿಗೆ ಹಾಕುತ್ತದೆ. ಡಬ್ಬಿಯ ಮುಚ್ಚಳ ತೆಗೆಯುವುದು, ನಲ್ಲಿ ತಿರುಗಿಸುವುದು, ಕಪಾಟಿನ ಬಾಗಿಲು ಎಳೆಯುವುದು, ಕರೆ ಬಂದ ಮೊಬೈಲ್ ಎತ್ತಿಕೊಳ್ಳುವುದು ಬಲಗೈ. ಕತ್ತರಿಸುವಾಗ ಮಾತ್ರ ಎರಡೂ ಬೇಕಾಗುತ್ತವೆ, ಆದ್ದರಿಂದ ಕತ್ತರಿಸುವ ಕೆಲಸವನ್ನು ನಿತ್ಯ ಇಟ್ಟುಕೊಳ್ಳುವುದಿಲ್ಲ. ಮಾಂಸ ತಂದ ದಿನವೇ ಒಂದೇ ಪಟ್ಟಿಗೆ ಕುಳಿತು ಎಲ್ಲವನ್ನೂ ಕತ್ತರಿಸಿ, ಒಂದೊಂದು ಹೊತ್ತಿನ ಊಟಕ್ಕಾಗುವಷ್ಟನ್ನು ಒಂದೊಂದು ಡಬ್ಬಿಗೆ ತುಂಬಿ, ಮೇಲೆ ತಾರೀಖು ಬರೆದು ಫ್ರೀಜರ್‌ಗೆ ಸೇರಿಸುತ್ತೇನೆ. ನಿತ್ಯ ಉಳಿಯುವ ಕೆಲಸ ಒಂದೇ: ಡಬ್ಬಿ ತೆರೆದು ಬಟ್ಟಲಿಗೆ ಮಗುಚುವುದು. ಹಾಗೆ ಮಗುಚಲು ಬೆರಳು ಕೂಡ ತಾಗಿಸಬೇಕಾಗಿಲ್ಲ.

ಕತ್ತರಿಸುವ ದಿನಕ್ಕೂ ಒಂದು ಕ್ರಮವಿದೆ. ಮೊದಲು ಕಟ್ಟೆಯ ಮೇಲಿರುವ ಎಲ್ಲವನ್ನೂ ತೆಗೆದಿಡುತ್ತೇನೆ, ತೊಳೆದು ಒಣಗಿಸಿದ ಪಾತ್ರೆಗಳ ಬುಟ್ಟಿಯನ್ನೂ ಬಿಡುವುದಿಲ್ಲ. ಡಬ್ಬಿಗಳನ್ನು ಮುಚ್ಚಳ ತೆಗೆದು ಸಾಲಾಗಿ ಜೋಡಿಸುತ್ತೇನೆ, ತಾರೀಖಿನ ಚೀಟಿಗಳನ್ನು ಆಗಲೇ ಅಂಟಿಸಿರುತ್ತೇನೆ, ಕಸದ ಚೀಲವನ್ನು ಬಾಯಿ ತೆರೆದು ಪಕ್ಕದಲ್ಲಿಡುತ್ತೇನೆ. ಕೈ ಮಾಂಸಕ್ಕೆ ತಾಗಿದ ಮೇಲೆ ಯಾವ ಡ್ರಾಯರ್ ಅನ್ನೂ ಎಳೆಯುವ ಸಂದರ್ಭ ಬರಬಾರದು. ಇದಕ್ಕೆಂದೇ ಒಂದು ಚಾಕು, ಒಂದು ಹಲಗೆ ಬೇರೆ ಇಟ್ಟಿದ್ದೇನೆ. ಹಲಗೆಯಲ್ಲಿ ಚಾಕುವಿನ ಗೀರುಗಳು ಆಳವಾದವೆಂದರೆ ಅದನ್ನು ಬಿಸಾಡುತ್ತೇನೆ, ಏಕೆಂದರೆ ಗೀರಿನೊಳಗೆ ಕುಳಿತದ್ದನ್ನು ಸೋಪು ತಲುಪುವುದು ಕಷ್ಟ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ: ಹಸಿ ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ತೊಳೆದರೆ ಶುದ್ಧವಾಗುತ್ತದೆ ಎಂಬ ನಂಬಿಕೆ ಬೇರೂರಿದೆ. ತೊಳೆದರೆ ಮಾಂಸದ ಮೇಲಿನ ಬ್ಯಾಕ್ಟೀರಿಯಾ ಪೂರ್ತಿ ಹೋಗುವುದಿಲ್ಲ, ಸಣ್ಣ ಹನಿಗಳಾಗಿ ಸಿಡಿದು ಸಿಂಕಿನ ಸುತ್ತ, ಪಕ್ಕದ ಪಾತ್ರೆಗಳ ಮೇಲೆ, ನಿಮ್ಮ ಅಂಗಿಯ ಮೇಲೆ ಹರಡುತ್ತದೆ. ಸಿಂಕಿನ ಅಂಚಿಗೆ ಬಿದ್ದ ಇಂಥ ಹನಿ ಒಣಗಿದ ಮೇಲೆ ಕಲೆಯಾಗಿ ಕೂಡ ಕಾಣುವುದಿಲ್ಲ.

ಫ್ರೀಜರ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲುತ್ತದೆ, ಅವು ಸಾಯುವುದಿಲ್ಲ. ಮಂಜು ಕರಗಿದ ಕೂಡಲೇ ಎದ್ದು ಕೂರುತ್ತವೆ. ಕೆಲವು ಪರೋಪಜೀವಿಗಳು ಸಾಕಷ್ಟು ದಿನ ಹೆಪ್ಪುಗಟ್ಟಿಸಿದರೆ ಸಾಯುತ್ತವೆಂಬುದು ನಿಜ, ಅದನ್ನೇ ಹಿಗ್ಗಿಸಿ ಎಲ್ಲವೂ ಸತ್ತಿದೆ ಎಂದುಕೊಳ್ಳಬಾರದು. ಕೋಣೆಯಲ್ಲಿ ಇಟ್ಟು ಕರಗಿಸಿದರೆ ಒಳಗಿನ್ನೂ ಗಡ್ಡೆಯಾಗಿರುವಾಗಲೇ ಹೊರಮೈ ಬೆಚ್ಚಗಾಗಿ ಬ್ಯಾಕ್ಟೀರಿಯಾ ಹೆಚ್ಚಲು ತೊಡಗುತ್ತವೆ. ಅದಕ್ಕೇ ಮರುದಿನದ ಡಬ್ಬಿಯನ್ನು ಹಿಂದಿನ ದಿನವೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸುತ್ತೇನೆ. ಅದು ಯಾವಾಗಲೂ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ಅಂಚು ಎತ್ತರವಿರುವ ಒಂದು ಸ್ಟೀಲ್ ತಟ್ಟೆಯೊಳಗೆ ಕೂರುತ್ತದೆ. ಸೋರಿದರೂ ತಟ್ಟೆಯಲ್ಲೇ ನಿಲ್ಲಬೇಕು. ಫ್ರಿಜ್‌ನೊಳಗೆ ಒಂದು ಸಣ್ಣ ಥರ್ಮಾಮೀಟರ್ ಇಟ್ಟಿದ್ದೇನೆ. ಅದು 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತೋರಿಸಬೇಕು. ಹಾಗೆಂದು ಕರಗಿದ ಮಾಂಸವನ್ನು ಅಲ್ಲಿ ದಿನಗಟ್ಟಲೆ ಬಿಡುವುದಿಲ್ಲ, ಏಕೆಂದರೆ ಲಿಸ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲದು.

ಕೊಚ್ಚಿದ ಮಾಂಸದ ಬಗ್ಗೆ ನನಗೆ ಇನ್ನೂ ಹೆಚ್ಚಿನ ಎಚ್ಚರ. ಇಡಿಯ ತುಂಡಿನಲ್ಲಿ ಬ್ಯಾಕ್ಟೀರಿಯಾ ಬಹುತೇಕ ಮೇಲ್ಮೈಯಲ್ಲಿರುತ್ತವೆ. ಕೊಚ್ಚಿದಾಗ ಮೇಲಿದ್ದದ್ದು ಒಳಗೆಲ್ಲ ಸೇರಿಹೋಗುತ್ತದೆ. ಕೊಚ್ಚುವ ಯಂತ್ರವನ್ನು ಬಿಚ್ಚಿ ತೊಳೆಯುವುದೂ ಸುಲಭವಲ್ಲ. ನಾನು ತುಂಡುಗಳನ್ನೇ ಕೊಡುತ್ತೇನೆ.

ಕೆಂಚ ಊಟ ಮಾಡುವುದು ಹಿಂಬಾಗಿಲ ಪಕ್ಕದ ಸಣ್ಣ ಜಾಗದಲ್ಲಿ, ನಯವಾದ ಕಲ್ಲಿನ ನೆಲದ ಮೇಲೆ. ಮೂಳೆ ಸಿಕ್ಕಿದರೆ ಅದನ್ನು ಎಲ್ಲಾದರೂ ಮೆತ್ತನೆಯ ಜಾಗಕ್ಕೆ ಕೊಂಡೊಯ್ದು ಎರಡು ಮುಂಗಾಲುಗಳ ನಡುವೆ ಇಟ್ಟುಕೊಂಡು ಕಡಿಯುವ ಚಪಲ ಅವನದು. ಆದ್ದರಿಂದ ಊಟ ಮುಗಿಯುವವರೆಗೆ ಒಳಗಿನ ಬಾಗಿಲು ಮುಚ್ಚಿರುತ್ತದೆ. ನಾಯಿಯನ್ನು ಇದಕ್ಕೆ ಒಗ್ಗಿಸಲು ಬಹಳ ಕಾಲವೇನೂ ಬೇಕಾಗಲಿಲ್ಲ. ಬಟ್ಟಲಿನಲ್ಲಿ ಉಳಿದದ್ದನ್ನು ಅರ್ಧ ಗಂಟೆಯೊಳಗೆ ತೆಗೆಯುತ್ತೇನೆ. ಹೊರಗಿಟ್ಟ ಹಸಿ ಮಾಂಸಕ್ಕೆ ಹೆಚ್ಚೆಂದರೆ ಎರಡು ಗಂಟೆ, 32 ಡಿಗ್ರಿ ದಾಟಿದ ಬಿಸಿಲಿನ ದಿನಗಳಲ್ಲಿ ಒಂದೇ ಗಂಟೆ ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ನನ್ನ ಅರ್ಧ ಗಂಟೆ ಅದಕ್ಕಿಂತ ಬಿಗಿ, ಬಿಗಿಯಾಗಿರಲಿ.

ಬಟ್ಟಲು ಸ್ಟೀಲಿನದು. ನಾಯಿ ನೆಕ್ಕಿ ಫಳಫಳ ಹೊಳೆಯುವಂತೆ ಮಾಡಿದ ಬಟ್ಟಲು ಶುದ್ಧವೆಂದು ಕಣ್ಣು ಹೇಳುತ್ತದೆ, ಆದರೆ ಒಣಗಿದ ಬಟ್ಟಲಿನಲ್ಲೂ ಸಾಲ್ಮೊನೆಲ್ಲಾ ದಿನಗಟ್ಟಲೆ ಬದುಕಿರಬಲ್ಲದು. ಒಮ್ಮೆ ಬೆರಳು ತಾಗಿಸಿ ನೋಡಿ: ನೆಕ್ಕಿದ ಬಟ್ಟಲಿನ ಒಳಮೈಗೆ ಜಾರುವ ಒಂದು ತೆಳು ಪೊರೆ ಅಂಟಿರುತ್ತದೆ. ಆ ಲೋಳೆ ಹೋಗುವವರೆಗೆ ಬಿಸಿನೀರು, ಸೋಪು ಹಾಕಿ ಬ್ರಷ್‌ನಿಂದ ತಿಕ್ಕಬೇಕು. ಸ್ಪಂಜನ್ನು ಇದಕ್ಕೆ ಬಳಸುವುದಿಲ್ಲ, ಅದರ ರಂಧ್ರಗಳಲ್ಲಿ ತೇವ ಉಳಿದು ಮುಂದೆ ತಿಕ್ಕುವ ಪಾತ್ರೆಗೆಲ್ಲ ಹಂಚಿಕೆಯಾಗುತ್ತದೆ. ತೊಳೆದ ಮೇಲೆ ಬ್ಲೀಚ್: ಒಂದು ಲೀಟರ್ ನೀರಿಗೆ ಸುಮಾರು 4 ಮಿಲಿಲೀಟರ್, ಅಂದರೆ ಒಂದು ಟೀ ಚಮಚಕ್ಕಿಂತ ಕೊಂಚ ಕಡಿಮೆ, ಪರಿಮಳ ಬೆರೆಸದ ಮನೆಬಳಕೆಯ ಬ್ಲೀಚ್. ಬಟ್ಟಲು, ಹಲಗೆ, ಸಿಂಕು, ಕಟ್ಟೆ ಎಲ್ಲಕ್ಕೂ ಅದನ್ನು ಸವರಿ ಕೆಲವು ನಿಮಿಷ ಬಿಟ್ಟು, ಬಟ್ಟಲನ್ನು ನೀರಿನಲ್ಲಿ ತೊಳೆದು ಗಾಳಿಗೆ ಒಣಗಲು ಇಡುತ್ತೇನೆ. ಈ ಕ್ರಮ ಹಿಂದುಮುಂದಾಗಬಾರದು. ಜಿಡ್ಡು, ಮಾಂಸದ ಅಂಶ ಉಳಿದಿರುವ ಕಡೆ ಬ್ಲೀಚ್ ಹಾಕಿದರೆ ಅದರ ಬಲವೆಲ್ಲ ಆ ಜಿಡ್ಡಿನ ಮೇಲೆಯೇ ವ್ಯಯವಾಗುತ್ತದೆ. ಅದನ್ನು ವಿನೆಗರ್ ಜೊತೆಗಾಗಲಿ ಅಮೋನಿಯಾ ಇರುವ ದ್ರಾವಣದ ಜೊತೆಗಾಗಲಿ ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಬ್ಲೀಚ್‌ನ ಬದಲು ವಿನೆಗರ್ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು.

ಇಷ್ಟಾದ ಮೇಲೆ ಕೈ. ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು, ಉಗುರಿನ ಸಂದು, ಹೆಬ್ಬೆರಳ ಬುಡ ಬಿಡದಂತೆ ತೊಳೆಯುತ್ತೇನೆ. ಉಂಗುರ ಮೊದಲೇ ತೆಗೆದಿಟ್ಟಿರುತ್ತೇನೆ. ಒರೆಸಿಕೊಳ್ಳಲು ಕಾಗದದ ಟವೆಲ್. ಕೈಗವಸು ಹಾಕಿಕೊಂಡರೆ ಸಾಲದೇ ಎಂದರೆ, ಕೈಗವಸು ಹಾಕಿದವರು ಅದೇ ಗವಸಿನಲ್ಲಿ ಫ್ರಿಜ್ ತೆರೆಯುವುದನ್ನು ನೋಡಿದ್ದೇನೆ. ಗವಸಿನ ಒಳಗಿನ ಕೈ ಶುದ್ಧವಾಗಿರುತ್ತದೆ, ಫ್ರಿಜ್‌ನ ಹಿಡಿಕೆ ಅಲ್ಲ.

ಊಟದ ನಂತರದ ಗಳಿಗೆಯನ್ನು ಮರೆಯುವವರೇ ಹೆಚ್ಚು. ಕೆಂಚನ ಮೂತಿಯ ಸುತ್ತ ಉದ್ದ ಕೂದಲಿದೆ. ಊಟ ಮುಗಿಸಿ ತಲೆಯೆತ್ತಿದಾಗ ಆ ಗಡ್ಡದ ತುದಿಗಳು ಮಾಂಸದ ನೀರಿನಿಂದ ಒಂದಕ್ಕೊಂದು ಅಂಟಿಕೊಂಡು ಚೂಪಾಗಿರುತ್ತವೆ. ತಿಂದ ಸಂತೋಷಕ್ಕೆ ಅವನು ಮಾಡುವ ಮೊದಲ ಕೆಲಸವೆಂದರೆ ಯಾರ ತೊಡೆಗಾದರೂ ಮುಖ ಒರೆಸುವುದು, ಸಿಕ್ಕಿದರೆ ಕೆನ್ನೆ ನೆಕ್ಕುವುದು. ಪ್ರೀತಿಯಿಂದ ಬಂದವನನ್ನು ದೂರ ತಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ, ಅದಕ್ಕೇ ಬಾಗಿಲು ತೆರೆಯುವ ಮುಂಚೆ ಒದ್ದೆ ಬಟ್ಟೆಯಿಂದ ಅವನ ಗಡ್ಡವನ್ನೂ ಮುಂಗಾಲುಗಳನ್ನೂ ಒರೆಸುತ್ತೇನೆ. ಆ ಬಟ್ಟೆ ಆಗಲೇ ಬಿಸಿನೀರಿನ ಒಗೆತಕ್ಕೆ ಹೋಗುತ್ತದೆ. ಗಡ್ಡದ ಕೂದಲನ್ನು ಆಗಾಗ ಕತ್ತರಿಸುತ್ತೇನೆ. ಮಕ್ಕಳಿಗೆ ಹೇಳಿಕೊಟ್ಟಿರುವ ಮಾತು ಒಂದೇ: ಕೆಂಚ ಉಂಡ ಹೊತ್ತಿನಲ್ಲಿ ಮುದ್ದು ಬೆನ್ನಿಗೆ, ಬಾಯಿಗಲ್ಲ. ಮುದ್ದಾಡಿ ಬಂದವರು ತಿನ್ನುವ ಮೊದಲು ಕೈ ತೊಳೆಯಬೇಕು. ಮಲವನ್ನು ಆಯಾ ದಿನವೇ ಚೀಲದಲ್ಲಿ ಎತ್ತಿ ಕಟ್ಟಿ ಎಸೆಯುತ್ತೇನೆ, ತರಕಾರಿ ಗಿಡಗಳ ಗೊಬ್ಬರಕ್ಕೆ ಸೇರಿಸುವುದಿಲ್ಲ.

ಕೆಲವು ಮಾಂಸಗಳನ್ನು ಎಷ್ಟೇ ಎಚ್ಚರ ವಹಿಸಿದರೂ ಹಸಿಯಾಗಿ ಕೊಡುವುದಿಲ್ಲ. ಕುರಿ, ದನಗಳ ಪಿತ್ತಜನಕಾಂಗ ಮತ್ತು ಶ್ವಾಸಕೋಶದಲ್ಲಿ ಹೈಡಾಟಿಡ್ ಎಂಬ ನೀರುಗುಳ್ಳೆಗಳಿರಬಹುದು. ನಾಯಿ ಅದನ್ನು ತಿಂದರೆ ಒಂದು ಬಗೆಯ ಲಾಡಿಹುಳು ಅದರ ಕರುಳಿನಲ್ಲಿ ಬೆಳೆಯುತ್ತದೆ, ಅದರ ಮೊಟ್ಟೆಗಳು ಮಲದ ಮೂಲಕ ಹೊರಬಂದು ಮನುಷ್ಯರ ಹೊಟ್ಟೆ ಸೇರಿದರೆ ನಮ್ಮ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಅದೇ ಗುಳ್ಳೆಗಳು ಬೆಳೆಯಬಲ್ಲವು. ಆದ್ದರಿಂದ ಒಳಾಂಗಗಳನ್ನು ಬೇಯಿಸಿಯೇ ಕೊಡುತ್ತೇನೆ. ಹಂದಿಮಾಂಸವೂ ಬೆಂದೇ ಬಟ್ಟಲು ಸೇರುತ್ತದೆ. ಹಂದಿಗಳಿಂದ ಬರುವ ಆಜೆಸ್ಕಿ ರೋಗದ ವೈರಸ್ ನಾಯಿಗೆ ತಗುಲಿದರೆ ನಾಯಿ ಉಳಿಯುವುದಿಲ್ಲ. ಮೂಳೆ ಮಾತ್ರ ಇದಕ್ಕೆ ತಿರುಗುಮುರುಗು. ಬೆಂದ ಮೂಳೆ ಚೂಪಾಗಿ ಸಿಗಿಯುತ್ತದೆ, ಅದನ್ನು ಎಂದೂ ಕೊಡಬಾರದು. ಜಂತುಹುಳುವಿನ ಔಷಧಿಯನ್ನು ಪಶುವೈದ್ಯರು ಹೇಳಿದ ಗಡುವಿಗೆ ಸರಿಯಾಗಿ ಹಾಕುತ್ತೇನೆ.

ನನ್ನ ತಾಯಿಗೆ ಕಿಮೊಥೆರಪಿ ಶುರುವಾದಾಗ ಈ ಕ್ರಮಗಳನ್ನೆಲ್ಲ ಇನ್ನಷ್ಟು ಬಿಗಿ ಮಾಡಿದರೆ ಸಾಕೇ ಎಂದು ಯೋಚಿಸುವ ಗೋಜಿಗೇ ಹೋಗಲಿಲ್ಲ. ಆ ವಾರವೇ ಕೆಂಚನ ಊಟವನ್ನು ಪೂರ್ತಿ ಬೇಯಿಸಿದ ಆಹಾರಕ್ಕೆ ಬದಲಾಯಿಸಿದೆವು, ಆ ಹೊಸ ಪಟ್ಟಿಯನ್ನೂ ಪಶುವೈದ್ಯರಿಗೆ ತೋರಿಸಿಯೇ. ರೋಗ ನಿರೋಧಕ ಶಕ್ತಿ ಕುಂದಿದವರು, ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು ಇರುವ ಮನೆಯಲ್ಲಿ ನನ್ನ ಸಲಹೆ ಇದೊಂದೇ: ಬೇಯಿಸಿ. ಗರ್ಭಿಣಿಯರಿಗೆ ಲಿಸ್ಟೀರಿಯಾ ತಗುಲಿದರೆ ಗರ್ಭಪಾತವಾಗುವ ಅಪಾಯವಿದೆ. ಅಮ್ಮ ಚೇತರಿಸಿಕೊಂಡು, ಅವರ ವೈದ್ಯರು ಆಗಬಹುದೆಂದ ಮೇಲೆಯೇ ಹಸಿ ಮಾಂಸ ಮತ್ತೆ ಮನೆಗೆ ಬಂದದ್ದು. ಆ ತಿಂಗಳುಗಳಲ್ಲಿ ಕೆಂಚ ಬೇಯಿಸಿದ್ದನ್ನೂ ಅಷ್ಟೇ ಆಸೆಯಿಂದ ತಿಂದ, ಮೈಯೂ ಚೆನ್ನಾಗಿಯೇ ಇತ್ತು. ಹಸಿ ಬಿಟ್ಟು ಬೇರೆ ದಾರಿಯೇ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಸಿದ್ಧ ಪೊಟ್ಟಣಗಳನ್ನು ಕೊಳ್ಳುವವರು ಅದು ಖಾಲಿಯಾದ ಮೇಲೂ ತಯಾರಿಕೆಯ ಬ್ಯಾಚ್ ಸಂಖ್ಯೆ ಇರುವ ಭಾಗದ ಫೋಟೋ ತೆಗೆದಿಟ್ಟುಕೊಳ್ಳಿ. ಕಂಪನಿಗಳು ಸರಕನ್ನು ಹಿಂದಕ್ಕೆ ಕರೆಸಿಕೊಳ್ಳುವಾಗ ಆ ಸಂಖ್ಯೆಯನ್ನೇ ಪ್ರಕಟಿಸುತ್ತವೆ. ಮನೆಯಲ್ಲಿ ಯಾರಿಗಾದರೂ ಜ್ವರದ ಜೊತೆ ಭೇದಿ, ಹೊಟ್ಟೆನೋವು ಕಾಣಿಸಿಕೊಂಡರೆ ವೈದ್ಯರ ಎದುರು ಕುಳಿತಾಗ, ಅವರು ಕೇಳದಿದ್ದರೂ, ಮನೆಯ ನಾಯಿ ಹಸಿ ಮಾಂಸ ತಿನ್ನುತ್ತದೆ ಎಂದು ಹೇಳಿಬಿಡಿ. ಯಾವ ಪರೀಕ್ಷೆ ಮಾಡಿಸಬೇಕೆಂದು ಅವರು ಬೇಗ ನಿರ್ಧರಿಸಬಹುದು.